ಪರದೇಶದ ಸೇವೆಗೆ ಹೊರಡುವ ಮುನ್ನ: ಸಂತ ಜೋಸೆಫ್ ವಾಜ್ ಕಲಿಸುವ ಪಾಠ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ನಮ್ಮ ವಿಶ್ವಾಸಿಗಳ ಮನೆಗಳು ಅಲ್ಲೊಂದು ಇಲ್ಲೊಂದು. ಅಂಥ ಮನೆಯ ಮಗನೋ ಮಗಳೋ ಪರದೇಶಕ್ಕೆ ಹೋಗಿ ದೇವರ ಸೇವೆ ಮಾಡುತ್ತೇನೆ ಎಂದರೆ ಎರಡು ಮಾತು ಕೇಳಿಬರುತ್ತವೆ. “ದೇವರು ನೋಡ್ಕೋತಾನ, ಚಿಂತಿ ಮಾಡಬ್ಯಾಡ್ರಿ” ಎಂಬುದು ಒಂದು. “ಗುರುತಿಲ್ಲದ ದೇಶ, ಆರಾಮ ತಪ್ಪಿದ್ರ ನೋಡವ್ರು ಯಾರು?” ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಎರಡನ್ನೂ ಕೂಡಿಸಿಕೊಂಡು ನಡೆದವರು ಸಂತ ಜೋಸೆಫ್ ವಾಜ್.

ಇವರು 1651ರಲ್ಲಿ ಗೋವಾದ ಬೆನಾವಲಿಯಲ್ಲಿ ಹುಟ್ಟಿದರು. ಆಗ ಸಿಲೋನಿನಲ್ಲಿ, ಅಂದರೆ ಈಗಿನ ಶ್ರೀಲಂಕಾದಲ್ಲಿ, ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಅಲ್ಲಿಯ ಜನರಿಗೆ ಬಲಿಪೂಜೆಯಿಲ್ಲ, ಸಂಸ್ಕಾರಗಳಿಲ್ಲ. ಅಲ್ಲಿಗೆ ಹೋಗಬೇಕೆಂದು ವಾಜ್ ಗುರುಗಳು ಆಸೆಪಟ್ಟರು.

1. ತಡವಾದರೂ ವ್ಯರ್ಥವಲ್ಲ

1681ರಲ್ಲಿ ಮೇಲಿನವರು ಅವರನ್ನು ಸಿಲೋನಿಗಲ್ಲ, ನಮ್ಮ ಕರಾವಳಿಯ ಕೆನರಾಕ್ಕೆ ಕಳಿಸಿದರು. ಅವರು ಮುನಿಸಿಕೊಳ್ಳಲಿಲ್ಲ. 1684ರವರೆಗೆ ಮಂಗಳೂರು ಕಡೆಯ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಿದರು. ಸಿಲೋನಿನ ಜಾಫ್ನಾ ತಲುಪಿದ್ದು 1687ರಲ್ಲಿ. ವೀಸಾ ತಡವಾದಾಗ, ಮೇಲಿನವರು ‘ಈಗ ಬ್ಯಾಡ’ ಎಂದಾಗ ಇದನ್ನು ನೆನೆಯೋಣ. ಇಲ್ಲಿಯ ರೋಗಿ, ಇಲ್ಲಿಯ ಬಡವ ನಮ್ಮ ಮೊದಲ ಪಾಠಶಾಲೆ.

2. ನಂಬಿಕೆ ಎಂದರೆ ಕೈಕಟ್ಟಿ ಕೂಡುವುದಲ್ಲ

ಅವರು ತಮಿಳು ಕಲಿತರು. ಕೂಲಿಯಾಳಿನ ವೇಷ ತೊಟ್ಟರು. 1692ರಲ್ಲಿ ಕ್ಯಾಂಡಿಯಲ್ಲಿ ಗೂಢಚಾರನೆಂದು ಸೆರೆಗೆ ಹಾಕಿದಾಗ ಅಲ್ಲೇ ಸಿಂಹಳ ಕಲಿತರು. ನಮ್ಮ ಗಡಿಭಾಗದ ಸಂತೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಎರಡು ಭಾಷೆಯಲ್ಲಿ ಬೆಳೆದ ಮಕ್ಕಳು ಮೂರನೆಯದಕ್ಕೆ ಅಂಜಬೇಕಾಗಿಲ್ಲ.

3. ದೇವರ ಸಹಾಯ ಮನುಷ್ಯರ ಕೈಯಿಂದ ಬರುತ್ತದೆ

ಜಾಫ್ನಾಕ್ಕೆ ಹೋದ ಹೊಸತರಲ್ಲಿ ಅವರಿಗೆ ತೀವ್ರ ಆಮಶಂಕೆ ಹತ್ತಿತು. ಜಾನ್ ಎಂಬ ಯುವಕ ಜೊತೆಗಿದ್ದ. ಪರ ಊರಿನ ಹೆಣ್ಣುಮಗಳೊಬ್ಬಳು ಗಂಜಿ ಕೊಟ್ಟು ಬದುಕಿಸಿದಳೆಂದು ಅವರ ಚರಿತ್ರೆ ಹೇಳುತ್ತದೆ. ಆದ್ದರಿಂದ ಒಬ್ಬರೇ ಹೋಗುವುದು, ಯಾರಿಗೂ ಹೇಳದೆ ಹೋಗುವುದು ಭಕ್ತಿಯಲ್ಲ.

ಕುಟುಂಬಗಳು ಗಮನಿಸಬೇಕಾದದ್ದು

• ಕಳಿಸುವ ಸಂಸ್ಥೆ, ಉಳಿಯುವ ಮನೆ, ಅಲ್ಲಿಯ ಫೋನ್ ನಂಬರ್ ಬರೆದಿಟ್ಟುಕೊಳ್ಳಿರಿ.
• ಸೇವೆಯ ಹೆಸರಿನಲ್ಲಿ ಯಾರಾದರೂ ರೊಕ್ಕ ಕೇಳಿದರೆ ಮೊದಲು ನಿಮ್ಮ ಧರ್ಮಕೇಂದ್ರದ ಗುರುಗಳನ್ನು ವಿಚಾರಿಸಿರಿ. ಹೊಲ ಒತ್ತೆಯಿಡಬೇಡಿರಿ.
• ಆಫ್ರಿಕಾದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಹೊರಡುವ ಕನಿಷ್ಠ 10 ದಿನ ಮೊದಲು, ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲೇ ಹಾಕಿಸಬೇಕು.
• ಪಾಸ್‌ಪೋರ್ಟಿನ ನಕಲು ಮನೆಯಲ್ಲೂ ಇರಲಿ.

ಒಂದು ಮಾತನ್ನು ಮುಚ್ಚಿಡಬಾರದು. ವಾಜ್ ಗುರುಗಳು ಗೋವಾಕ್ಕೆ ಮರಳಲೇ ಇಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ದೇವರನ್ನು ನಂಬಿದವರಿಗೆ ಕಷ್ಟ ಬರುವುದಿಲ್ಲ ಎಂದಲ್ಲ. ಕಷ್ಟದಲ್ಲಿ ಆತ ಕೈಬಿಡುವುದಿಲ್ಲ ಎಂಬುದೇ ನಮ್ಮ ನಂಬಿಕೆ. ತಾಯಿ-ತಂದೆಯರ ಕಣ್ಣೀರು ಅವಿಶ್ವಾಸವಲ್ಲ, ಅದೂ ಕಾಣಿಕೆಯೇ.

ಕೂಟದಲ್ಲಿ ಚರ್ಚಿಸಿರಿ

1. ನಾವು ಕಾಯುತ್ತಿರುವ ದಿನಗಳಲ್ಲಿ ನಮ್ಮ ಊರಿನಲ್ಲೇ ಯಾವ ಸೇವೆ ಮಾಡಬಹುದು?
2. ಮಕ್ಕಳನ್ನು ದೂರ ಕಳಿಸಿದ ತಾಯಿ-ತಂದೆಯರಿಗೆ ನಾವು ಹೇಗೆ ಆಸರೆಯಾಗಬಹುದು?

ಪ್ರಾರ್ಥನೆ: ಪ್ರಭುವೇ, ಹೋಗುವವರಿಗೆ ಧೈರ್ಯ, ಕಳಿಸುವವರಿಗೆ ಸಮಾಧಾನ, ನಮ್ಮೆಲ್ಲರಿಗೂ ತಾಳ್ಮೆ ಕೊಡು. ಆಮೆನ್.