ಕಾಲೇಜು ಪ್ರಯೋಗಾಲಯ: ಸಿಬ್ಬಂದಿಗೆ ರಕ್ಷಣೆ ಹೇಗೆ?

ಮಂಗಳೂರಿನಲ್ಲಿ ವಿಜ್ಞಾನ ಕಾಲೇಜುಗಳಿಗೆ ಕೊರತೆಯಿಲ್ಲ. ಅಲ್ಲಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ಕಳೆಯುವುದು ವಾರಕ್ಕೆ ಕೆಲವೇ ಗಂಟೆ. ಆದರೆ ಆಮ್ಲಗಳನ್ನು ಬಾಟಲಿಗೆ ತುಂಬುವ, ಗಾಜಿನ ಸಾಮಾನು ತೊಳೆಯುವ ಅಟೆಂಡರ್ ದಿನವಿಡೀ, ವರ್ಷಗಟ್ಟಲೆ ಅದೇ ಗಾಳಿಯನ್ನು ಉಸಿರಾಡುತ್ತಾರೆ. ವಿಷದ ಪರಿಣಾಮವು ಅದರ ಪ್ರಮಾಣದ ಜೊತೆಗೆ ಸಂಪರ್ಕದ ಅವಧಿಯನ್ನೂ ಅವಲಂಬಿಸಿದೆ. ಆದ್ದರಿಂದ ಹೆಚ್ಚಿನ ರಕ್ಷಣೆ ಬೇಕಾದದ್ದು ಇವರಿಗೆ.

ರಾಸಾಯನಿಕಗಳು ದೇಹ ಸೇರುವ ಮುಖ್ಯ ದಾರಿಗಳು ಮೂರು.

ಉಸಿರು: ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹೆಚ್ಚಾದರೆ ಮೂಗೇ ಜಡವಾಗುವುದರಿಂದ, ವಾಸನೆ ನಿಂತಿತೆಂದರೆ ಅಪಾಯ ಕಳೆಯಿತೆಂದು ಅರ್ಥವಲ್ಲ. ನೈಟ್ರಿಕ್ ಆಮ್ಲದ ಕಂದು ಹೊಗೆ ಕುಡಿದವರಿಗೆ ಮೊದಲು ಬರೀ ಕೆಮ್ಮು ಇರಬಹುದು. ಹಲವು ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಇಂಥವರು ಒಂದು ದಿನವಾದರೂ ವೈದ್ಯರ ನಿಗಾದಲ್ಲಿರಬೇಕು. ಮಾದರಿಗಳನ್ನು ಕೆಡದಂತೆ ಇಡುವ ಫಾರ್ಮಾಲಿನ್‌ನ ಆವಿ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ತೀರ್ಮಾನಿಸಿದೆ.

ಚರ್ಮ: ಗಾಜು ತೊಳೆಯುವ ಕ್ರೋಮಿಕ್ ಆಮ್ಲ ಕೈಯಲ್ಲಿ ಬೇಗ ವಾಸಿಯಾಗದ ಹುಣ್ಣು ಮಾಡುತ್ತದೆ. ಯಾವುದೋ ಒಂದು ಕೈಗವಸು ಇದ್ದರೆ ಸಾಲದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕರೆನ್ ವೆಟರ್‌ಹಾನ್ ಅವರ ಕೈಗವಸಿನ ಮೇಲೆ 1996ರಲ್ಲಿ ಡೈಮಿಥೈಲ್ ಮರ್ಕ್ಯುರಿಯ ಕೆಲವೇ ಹನಿಗಳು ಬಿದ್ದವು. ಅವು ಲ್ಯಾಟೆಕ್ಸ್ ದಾಟಿ ಒಳಸೇರಿ, 1997ರಲ್ಲಿ ಅವರು ತೀರಿಕೊಂಡರು.

ಬಾಯಿ: ಪಿಪೆಟ್ಟನ್ನು ಬಾಯಿಯಿಂದ ಎಳೆಯುವುದು, ಪ್ರಯೋಗಾಲಯದಲ್ಲೇ ಚಹಾ ಕುಡಿಯುವುದು, ಕುಡಿಯುವ ನೀರಿನ ಬಾಟಲಿಯಲ್ಲಿ ರಾಸಾಯನಿಕ ತುಂಬಿಡುವುದು ಕೂಡದು.

ಕಾಲೇಜು ಮಾಡಬೇಕಾದದ್ದೇನು? ಮೊದಲು ವಿಷವನ್ನೇ ಕಡಿಮೆ ಮಾಡುವುದು. ಮೂಳೆಮಜ್ಜೆಯನ್ನು ಕೆಡಿಸುವ ಬೆಂಜೀನ್ ಬದಲು ಸಾಧ್ಯವಿದ್ದಲ್ಲಿ ಟೊಲುಯೀನ್ ಬಳಸಬಹುದು. ಎರಡನೆಯದು, ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಸುಸ್ಥಿತಿಯಲ್ಲಿರಬೇಕು. ನಮ್ಮೂರಿನ ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಸೀಲಿಂಗ್ ಫ್ಯಾನ್ ಹಾಕಿದರೆ ಆವಿ ಕೋಣೆಯೊಳಗೇ ಸುತ್ತುತ್ತದೆ. ತೇವಕ್ಕೆ ಕಳಚಿದ ಲೇಬಲ್‌ಗಳನ್ನು ಕೂಡಲೇ ಹೊಸದಾಗಿ ಅಂಟಿಸಬೇಕು. ಕೊನೆಯದಾಗಿ ಏಪ್ರನ್, ರಕ್ಷಣಾ ಕನ್ನಡಕ, ತಕ್ಕ ಕೈಗವಸು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯದು.

ಆಮ್ಲ ಮೈಮೇಲೆ ಬಿದ್ದರೆ ತೊಯ್ದ ಬಟ್ಟೆ ತೆಗೆದು, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಹಾಗೆಯೇ ತೊಳೆಯಿರಿ. ಸುಣ್ಣ, ಸೋಡಾ ಹಚ್ಚಬೇಡಿ. ಆಮ್ಲ ನುಂಗಿದವರಿಗೆ ವಾಂತಿ ಮಾಡಿಸಬೇಡಿ. ಕೂಡಲೇ ವೆನ್ಲಾಕ್ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಟಲಿಯ ಲೇಬಲನ್ನು ಬರೆದುಕೊಂಡು ಹೋಗಿ.

ಅಟೆಂಡರ್ ಬಂಧುಗಳಿಗೆ ಒಂದು ಮಾತು. ಬಿಡದ ಕೆಮ್ಮು, ಕಣ್ಣುರಿ, ಕೈಯ ತುರಿಕೆಗೆ ಔಷಧಿ ಕೇಳಲು ಹೋದಾಗ ನಿಮ್ಮ ಕೆಲಸ ಏನೆಂದು ವೈದ್ಯರಿಗೆ ಮೊದಲು ಹೇಳಿ. ರಜೆಯಲ್ಲಿ ಕಡಿಮೆಯಾಗಿ, ಕಾಲೇಜು ತೆರೆದೊಡನೆ ಮರಳುವ ಕೆಮ್ಮಿನ ಕಾರಣ ಪ್ರಯೋಗಾಲಯದಲ್ಲೇ ಇರಬಹುದು.