ಗೀರು ಎಷ್ಟು ಆಳ? ಮೊದಲು ನೋಡಿ



*ಇಂದಿನ ಚಿಂತನೆ*

ಬಾಬಾಸಾಹೇಬರು ಶಾಲೆಯಲ್ಲಿ ಮೂಲೆಯಲ್ಲಿ ಒಂದು ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಸಂಜೆ ಅದನ್ನು ಮನೆಗೆ ಒಯ್ದು, ಬೆಳಿಗ್ಗೆ ಮತ್ತೆ ತರಬೇಕಿತ್ತು ಎಂದು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಬರೆದಿದ್ದಾರೆ. ಆದ್ದರಿಂದ ನಮ್ಮ ಮನೆಗಳಲ್ಲಿ ಮೊದಲ ಸಂಬಳದಲ್ಲಿ ಮಾಡಿಸಿದ ಮೇಜು, ಮಕ್ಕಳು ಕೂತು ಓದಿದ ಕುರ್ಚಿ ಬರೀ ಮರವಲ್ಲ. ಅದರ ಮೇಲೆ ಗೀರು ಬಿದ್ದರೆ ಏನು ಮಾಡಬೇಕು? ಇವತ್ತು ಅದನ್ನೇ ತಿಳಿಯೋಣ.

*ಕೊಬ್ಬರಿ ಎಣ್ಣೆ ಬೇಡ*
ಶೆಟ್ಟಿಕೆರೆ, ತಿಪಟೂರು ಕಡೆ ಎಲ್ಲದಕ್ಕೂ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಸವರಿದ ತಕ್ಷಣ ಗೀರು ಮಾಯ. ಕಾರಣ, ಎಣ್ಣೆ ಗೀರನ್ನು ತುಂಬಿ ಬೆಳಕು ಅಲ್ಲಿ ಚದುರದಂತೆ ಮಾಡುತ್ತದೆ. ಆದರೆ ಈ ಎಣ್ಣೆ ಎಂದೂ ಒಣಗಿ ಗಟ್ಟಿ ಪದರವಾಗುವುದಿಲ್ಲ. ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಡಬ್ಬಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ, ಚಳಿಯಲ್ಲಿ ಗೀರಿನೊಳಗೂ ಹೆಪ್ಪುಗಟ್ಟಬಹುದು. ಈಗಾಗಲೇ ಸವರಿದ್ದರೆ ಬಟ್ಟೆಗೆ ಸ್ವಲ್ಪ ಟರ್ಪೆಂಟೈನ್ ಹಾಕಿ ಒರೆಸಿ ತೆಗೆಯಿರಿ.

*ನೋಡುವುದು ಹೇಗೆ?*
1. ಧೂಳು ಒರೆಸಿ, ಒದ್ದೆ ಬೆರಳನ್ನು ಗೀರಿನ ಮೇಲೆ ಎಳೆಯಿರಿ. ಒದ್ದೆ ಇರುವಷ್ಟು ಹೊತ್ತು ಗೀರು ಕಾಣದಿದ್ದರೆ ಅದು ಪಾಲಿಶ್‌ನಲ್ಲಿ ಮಾತ್ರ ಇದೆ. ಉಗುರು ಸಿಕ್ಕಿಕೊಂಡರೆ ಮರದವರೆಗೆ ಇಳಿದಿರಬಹುದು.
2. ಮೇಜಿನ ಕೆಳಗೆ, ಕಾಣದ ಕಡೆ, ಹತ್ತಿಯಲ್ಲಿ ಒಂದು ಹನಿ ಸ್ಪಿರಿಟ್ ತಾಗಿಸಿ. ಅರೆ ನಿಮಿಷದಲ್ಲಿ ಅಂಟಾದರೆ ಅದು ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್. ಜಾರ್ಖಂಡ್, ಛತ್ತೀಸ್‌ಗಢದ ಕಡೆ ಮುತ್ತುಗದಂಥ ಮರಗಳ ಮೇಲೆ ಪುಟ್ಟ ಹುಳು ಮಾಡುವ ಅರಗೇ ಇದು. ಅಂಟಾಗದಿದ್ದರೆ ವಾರ್ನಿಷ್ ಅಥವಾ ಬೇರೆ ಬಣ್ಣ ಇರಬಹುದು.

*ಸರಿಪಡಿಸುವುದು ಹೇಗೆ?*
• ಅರಗಿನ ಪಾಲಿಶ್ ಆದರೆ: ಹತ್ತಿ ಬಟ್ಟೆಯನ್ನು ಉಂಡೆ ಮಾಡಿ, ಸ್ಪಿರಿಟ್ ಸ್ವಲ್ಪವೇ ತಾಗಿಸಿ, ಅಂಗೈಗೆ ಒತ್ತಿ ಹೆಚ್ಚಿನದನ್ನು ತೆಗೆಯಿರಿ. ಮರದ ನಾರು ಹೋದ ದಿಕ್ಕಿನಲ್ಲಿ ಒಂದೆರಡು ಸಲ ಹಗುರವಾಗಿ ಎಳೆಯಿರಿ. ಅರಗು ಮೆತ್ತಗಾಗಿ ಗೀರು ಮುಚ್ಚಿಕೊಳ್ಳುತ್ತದೆ. ಕೈ ಎಲ್ಲೂ ನಿಲ್ಲಬಾರದು. ನಿಂತ ಕಡೆ ಪಾಲಿಶ್ ಕಿತ್ತು ಬರುತ್ತದೆ. ಒಂದು ದಿನ ಒಣಗಲು ಬಿಡಿ.
• ಬೇರೆ ಪಾಲಿಶ್ ಆದರೆ ಸ್ಪಿರಿಟ್ ಬೇಡ. ಮರದ ಬಣ್ಣಕ್ಕೆ ಹೊಂದುವ ಕಂದು ಬೂಟ್ ಪಾಲಿಶ್ ಅನ್ನು ಗೀರಿಗೆ ಮಾತ್ರ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿ. ಇದನ್ನೂ ಮೊದಲು ಕಾಣದ ಕಡೆ ಪರೀಕ್ಷಿಸಿ.
• ಕೊನೆಗೆ ಜೇನುಮೇಣದ ಪಾಲಿಶ್ ತೆಳ್ಳಗೆ ಹಚ್ಚಿ ಉಜ್ಜಿ. ಮೇಣ ಯಾವಾಗಲೂ ಕೊನೆಗೇ; ಮೇಣದ ಮೇಲೆ ಅರಗು ಹಿಡಿಯುವುದಿಲ್ಲ.

*ಎಚ್ಚರ:* ಸ್ಪಿರಿಟ್, ಟರ್ಪೆಂಟೈನ್ ಎರಡಕ್ಕೂ ಬೇಗ ಬೆಂಕಿ ಹತ್ತುತ್ತದೆ. ವಂದನೆಗೆ ಹಚ್ಚಿದ ಮೇಣದಬತ್ತಿ, ಒಲೆ ಹತ್ತಿರ ಇರಬಾರದು. ಮಕ್ಕಳಿಗೆ ಸಿಗದ ಹಾಗೆ ಇಡಿ. ಅಗಸೆ ಎಣ್ಣೆ ಬಳಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ಒಣಗುವಾಗ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಬಂಧುಗಳೇ, ಒಂದು ಸಣ್ಣ ಗೀರಿಗಾಗಿ ಇಡೀ ಮೇಜನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಸ ಬಣ್ಣ ಹೊಡೆಸುವವರಿದ್ದಾರೆ. ಹಾಗೆ ಮಾಡಿದರೆ ಹಳೆಯ ಪಾಲಿಶ್ ಜೊತೆ ಬೇರೆಯದೂ ಹೋಗುತ್ತದೆ. ‘ಬಂದು ನೋಡಿ’ ಎನ್ನುವ ಧಮ್ಮವನ್ನು ಒಪ್ಪಿದವರು ನಾವು. ಕೈ ಹಾಕುವ ಮೊದಲು ಆ ಮೇಜನ್ನೂ ಬೆಳಕಿಗೆ ತಂದು ಚೆನ್ನಾಗಿ ನೋಡೋಣ. ಯಾರೋ ಪೆನ್ನು ಒತ್ತಿ ಬರೆದು ಕಲಿತ ಅಕ್ಷರದ ಗುರುತು ಅಲ್ಲಿ ಉಳಿದಿದ್ದರೆ ಅದನ್ನು ಮಾತ್ರ ಹಾಗೇ ಬಿಡಿ. ಅದರ ಮೇಲೂ ಒಂದು ಕೈ ಮೇಣ ಹಚ್ಚಿ. ಇದು ಯಾರ ಅಕ್ಷರ ಎಂದು ಮಕ್ಕಳಿಗೆ ಹೇಳಿ.

ನಮೋ ಬುದ್ಧಾಯ. ಜೈ ಭೀಮ್.