ಬಿಸಿಲಿಗೆ ಏರುವ ತೇವ

ಗಿರಣಿಯಲ್ಲಿ ಹತ್ತಿಯ ಅಂಡಿಗೆಗಳ ತೂಕ ಬರೆಯುವ ನಮಗೆ ಒಂದು ಸಂಗತಿ ರೂಢಿಯಾಗಿದೆ. ತಕ್ಕಡಿ ತೋರಿಸಿದ್ದೆಲ್ಲ ಹತ್ತಿಯಲ್ಲ, ಅದರಲ್ಲಿ ನೀರೂ ಉಂಟು. ಒಣ ಹತ್ತಿ 100 ಪಾಲಿದ್ದರೆ ತೇವ 8.5 ಪಾಲು ಎಂದು ಹಿಡಿದು ತೂಕವನ್ನು ಸರಿಪಡಿಸಿಕೊಳ್ಳುತ್ತಾರೆ. ದಿನವೂ ಈ ಲೆಕ್ಕ ನೋಡುವ ನಮಗೆ ಊರಿನ ಹೊಲದ ವಿಷಯದಲ್ಲಿ ಮಾತ್ರ ಬುದ್ಧಿ ತಡವಾಗಿ ಬಂತು.

ನಮ್ಮ ತಮ್ಮನು ವಿಜಯಪುರ ಜಿಲ್ಲೆಯ ಎರೆಹೊಲದಲ್ಲಿ ದಾಳಿಂಬೆ ಹಾಕಿದ್ದಾನೆ. ನಾವು ಕಳಿಸಿದ ಹಣದಿಂದ ಮಣ್ಣಿನ ತೇವ ತೋರಿಸುವ ಸೆನ್ಸರ್ ಒಂದನ್ನು ಕೊಂಡು ಗಿಡದ ಬುಡದಲ್ಲಿ ಹುಗಿದ. ಅಂಕಿ 28ಕ್ಕೆ ಇಳಿದಾಗ ಮೋಟಾರು ಹಾಕುವುದೆಂದು ಮಾತಾಗಿತ್ತು. ದಿನವೂ ಸಂಜೆ ನಾಲ್ಕಕ್ಕೆ ನೋಡುತ್ತಿದ್ದ. 31, 30 ಎಂದು ತೋರುತ್ತಿತ್ತು. ನೀರು ಬಿಡಲಿಲ್ಲ. ಎಲೆ ಮುದುಡಿ ಹೂವು ಉದುರಿದ ಮೇಲೆ ಫೋನು ಬಂತು: “ಅಣ್ಣಾ, ಮೀಟರ್ ಸುಳ್ಳ ಹೇಳತೈತಿ, ಗಿಡ ಖರೇ ಹೇಳತಾವ.”

ಮೀಟರು ಸುಳ್ಳು ಹೇಳಿರಲಿಲ್ಲ, ನಾವೇ ಅದರ ಮಾತನ್ನು ಅರ್ಧ ಕೇಳಿದ್ದೆವು. ಅದು ನೀರನ್ನು ಅಳೆಯುವುದಿಲ್ಲ. ಮಣ್ಣಿನಲ್ಲಿ ಸಣ್ಣ ವಿದ್ಯುತ್ ಕ್ಷೇತ್ರವೊಂದನ್ನು ಹರಡಿ, ಸುತ್ತಲಿನ ವಸ್ತು ಅದಕ್ಕೆ ಎಷ್ಟು ಸ್ಪಂದಿಸುತ್ತದೆಂದು ನೋಡುತ್ತದೆ. ಈ ಗುಣಕ್ಕೆ ಡೈಎಲೆಕ್ಟ್ರಿಕ್ ಸ್ಥಿರಾಂಕವೆಂದು ಹೆಸರು. ಗಾಳಿಗೆ ಅದು 1, ಒಣ ಮಣ್ಣಿನ ಕಣಗಳಿಗೆ 3ರಿಂದ 5, ನೀರಿಗೆ ಸುಮಾರು 80. ಅಂತರ ಇಷ್ಟು ದೊಡ್ಡದಾದ್ದರಿಂದಲೇ ತೇವ ಗೊತ್ತಾಗುವುದು. ಆದರೆ ನೀರಿನ ಈ 80 ಎಂಬುದು 20 ಡಿಗ್ರಿ ಸೆಲ್ಸಿಯಸ್‌ನ ಮಾತು. 40 ಡಿಗ್ರಿಗೆ ಅದು ಸುಮಾರು 73ಕ್ಕೆ ಇಳಿಯುತ್ತದೆ.

ಹಾಗಾದರೆ ಬಿಸಿಲಿನಲ್ಲಿ ಅಂಕಿ ಇಳಿಯಬೇಕಲ್ಲ, ಏರಿದ್ದೇಕೆ ಎಂದು ವಾಚಕರು ಕೇಳಬಹುದು. ಮರಳು ಮಣ್ಣಿನಲ್ಲಿ ಇಳಿಯುವುದೂ ಉಂಟು. ಎರೆಮಣ್ಣಿನಲ್ಲಿ ಜೇಡಿ ಹೆಚ್ಚು, ಎಷ್ಟೋ ಕಡೆ ಉಪ್ಪಿನಂಶವೂ ಇರುತ್ತದೆ. ಇಂಥ ಮಣ್ಣಿನ ನೀರು ವಿದ್ಯುತ್ತನ್ನು ಹರಿಯಗೊಡುತ್ತದೆ, ಡಿಗ್ರಿಯೊಂದಕ್ಕೆ ಈ ಹರಿವು ನೂರಕ್ಕೆ 2ರಷ್ಟು ಹೆಚ್ಚುತ್ತದೆ. ಅಗ್ಗದ ಸೆನ್ಸರುಗಳು ಈ ಹರಿವನ್ನೂ ತೇವವೆಂದೇ ಎಣಿಸುತ್ತವೆ. ಆದ್ದರಿಂದ ಒಬ್ಬರ ಹೊಲದ ತಿದ್ದುಪಡಿಯನ್ನು ಇನ್ನೊಬ್ಬರು ಎರವಲು ತರಲಾಗದು.

ನಾವು ಮಾಡಿಸಿದ್ದು ಇಷ್ಟು. ಹೊಲದ ಮಣ್ಣನ್ನು ಹದವಾಗಿ ನೆನೆಸಿ ಬಕೆಟ್ಟಿನಲ್ಲಿ ತುಂಬಿ, ಸೆನ್ಸರನ್ನೂ ಪಕ್ಕದಲ್ಲೇ ಥರ್ಮಾಮೀಟರನ್ನೂ ನಾಟಿ, ನೀರು ಆರದಂತೆ ಬಾಯಿಗೆ ಪ್ಲಾಸ್ಟಿಕ್ ಬಿಗಿದು ಕಟ್ಟುವುದು. ಒಳಗಿನ ನೀರು ಹೆಚ್ಚದು, ಕಡಿಮೆಯಾಗದು. ಅಂಕಿ ಬದಲಾದರೆ ಅದು ಬಿಸಿಯ ಆಟ. ನಸುಕಿನಲ್ಲಿ ಮಣ್ಣು 22 ಡಿಗ್ರಿ ಇದ್ದಾಗ ಅಂಕಿ 30. ಮಧ್ಯಾಹ್ನ ಕಳೆದು 36 ಡಿಗ್ರಿಯಾದಾಗ 33.5. ಹದಿನಾಲ್ಕು ಡಿಗ್ರಿಗೆ ಮೂರೂವರೆ, ಅಂದರೆ ಡಿಗ್ರಿಗೆ 0.25. ನಾಲ್ಕಾರು ದಿನ ನೋಡಿ ಸರಾಸರಿ ತೆಗೆದರೆ ಒಳ್ಳೆಯದು.

ಇನ್ನು 25 ಡಿಗ್ರಿಯನ್ನು ಮಟ್ಟವಾಗಿ ಇಟ್ಟುಕೊಳ್ಳಿ. ಮಣ್ಣಿನ ಬಿಸಿಯಿಂದ 25 ಕಳೆದು, ಉಳಿದದ್ದನ್ನು 0.25ರಿಂದ ಗುಣಿಸಿ, ಅದನ್ನು ಅಂಕಿಯಿಂದ ಕಳೆಯಿರಿ. ಬಕೆಟ್ಟಿನ ಮಧ್ಯಾಹ್ನದ ಅಂಕಿ 33.5ರಲ್ಲಿ 2.75 ಹೋಗಿ 30.75. ನಸುಕಿನದು 25ಕ್ಕಿಂತ ಮೂರು ಡಿಗ್ರಿ ಕೆಳಗಿರುವುದರಿಂದ 0.75 ಕೂಡಿಸಬೇಕು, ಅದೂ 30.75. ಲೆಕ್ಕ ತಾಳೆಯಾಯಿತು. ತಮ್ಮನು 35 ಡಿಗ್ರಿಯಲ್ಲಿ ಕಂಡ 30 ನಿಜಕ್ಕೆ 27.5 ಆಗಿತ್ತು. ಅಂದೇ ನೀರು ಬಿಡಬೇಕಾಗಿತ್ತು.

ಬಿಸಿಯನ್ನು ಸೆನ್ಸರಿನ ಆಳದಲ್ಲೇ ನೋಡಬೇಕು, ಮನೆಯ ಗೋಡೆಯ ಥರ್ಮಾಮೀಟರು ಇಲ್ಲಿ ಕೆಲಸಕ್ಕೆ ಬಾರದು. ಮೇಲ್ಮಣ್ಣಿನ ಬಿಸಿಲು ನಾಲ್ಕು ಬೆರಳು ಆಳಕ್ಕೆ ಇಳಿಯಲು ಗಂಟೆಗಳು ಬೇಕು. ಒಂದು ಅಡಿ ಆಳದಲ್ಲಂತೂ ಹಗಲು ರಾತ್ರಿಯ ವ್ಯತ್ಯಾಸ ಬಹಳ ಕಡಿಮೆ. ಲೆಕ್ಕದ ಗೋಜು ಬೇಡವೆನ್ನುವವರು ದಿನವೂ ಸೂರ್ಯ ಹುಟ್ಟುವ ಮುಂಚೆ ಒಂದೇ ಹೊತ್ತಿಗೆ ನೋಡಿದರೂ ಅರ್ಧ ತೊಂದರೆ ತಪ್ಪುತ್ತದೆ. ಆದರೆ ಚಳಿಗಾಲಕ್ಕೂ ಬೇಸಗೆಗೂ ಆಗುವ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ.

ಮಣ್ಣು ಹೆಚ್ಚು ಒದ್ದೆಯಾದಂತೆ ಈ 0.25 ಕೂಡ ಬದಲಾಗಬಹುದು. ಅದಕ್ಕಾಗಿ ತಮ್ಮನು ಈಗ ಎರಡನೆಯ ಬಕೆಟ್ಟನ್ನು ಇನ್ನಷ್ಟು ನೀರು ಹಾಕಿ ಕಟ್ಟಿಟ್ಟಿದ್ದಾನೆ. ದಿನಕ್ಕೆರಡು ಸಲ ಅಂಕಿ ಕಳಿಸುತ್ತಾನೆ; ನಾವು ಪಾಳಿ ಮುಗಿಸಿ ಬಂದು ಗೆರೆ ಕಾಗದದ ಮೇಲೆ ಗುರುತು ಹಾಕುತ್ತಿದ್ದೇವೆ.